ನೆರಳಿನ ಬಾಡಿಗೆ

ತಿಕೋಟಾದಲ್ಲಿ ಅವರನ್ನು ಎಲ್ಲರೂ ಖಾಲಾ ಎಂದೇ ಕರೆಯುತ್ತಿದ್ದರು. ಬಸ್ ಕಂಡಕ್ಟರ್, ಪೋಸ್ಟ್‌ಮನ್, ಗೌಡರ ಮನೆಯ ಸೊಸೆಯಂದಿರು, ಯಾರಿಗೇ ಆಗಲಿ ಅವರು ಖಾಲಾ, ಅಂದರೆ ಚಿಕ್ಕಮ್ಮ. ಹುಟ್ಟಿದಾಗ ಇಟ್ಟ ಹೆಸರೊಂದಿತ್ತು, ನನಗೆ ಗೊತ್ತೂ ಇತ್ತು. ಬರೆಯುವುದಿಲ್ಲ. "ಹೆಸರ ಹಿಡದ ಕೂಗೂದು ಕಚೇರಿಯಾಗ, ಮನ್ಯಾಗಲ್ಲ" ಎಂದು ಅವರೇ ಒಮ್ಮೆ ನನಗೆ ಹೇಳಿದ್ದರು.

ಮೊನ್ನೆ ಜಲನಗರದ ನಮ್ಮ ಮನೆಗೆ ನಲ್ಲಿ ರಿಪೇರಿಗೆ ಬಂದ ಹುಡುಗ ಕಾಂಪೌಂಡ್ ಗೋಡೆಯ ಬಿರುಕಿನಲ್ಲಿ ಗೇಣುದ್ದದ ಆಲದ ಸಸಿ ಕಂಡು, "ಅಮ್ಮಾರ, ಕಿತ್ತ ಒಗೀಲ್ರೀ? ಬೇರ ಬಿಟ್ಟಿತಂದ್ರ ಗ್ವಾಡಿ ಸೀಳತೈತಿ" ಎಂದ. ಅವನ ಮಾತು ಸರಿ. ಆದರೂ "ನಾಳೆ ಬಾ" ಎಂದು ಕಳಿಸಿಬಿಟ್ಟೆ. ಮರ ಕಡಿಯಲು ಬಂದವರಿಗೆ "ನಾಳೆ ಬಾ" ಎನ್ನುವ ವಿದ್ಯೆಯನ್ನು ನಾನು ಕಾನ್ವೆಂಟಿನ ಯಾವ ಸಿಸ್ಟರಿಂದಲೂ ಕಲಿತಿದ್ದಲ್ಲ. ಅದು ಖಾಲಾ ಅವರದು. ಅವರು ಹೋಗಿ ಎಷ್ಟೋ ಕಾಲವಾಯಿತು. ಆ ಸಂಜೆಯಿಡೀ ಅವರೇ ಕಣ್ಣ ಮುಂದೆ.

ಎಪ್ಪತ್ತರ ದಶಕದ ನಡುಭಾಗ ಅದು. ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿ, ಡಿಗ್ರಿ ಮುಗಿಸಿ, ತಿಕೋಟಾದ ಹೈಸ್ಕೂಲಿಗೆ ಇಂಗ್ಲಿಷ್ ಟೀಚರಾಗಿ ಬಂದಿದ್ದೆ. ಮನೆ ವಿಜಾಪುರದಲ್ಲಿ. ಊರನ್ನು ಆಗ ನಾವು ಹಾಗೆಯೇ ಕರೆಯುತ್ತಿದ್ದೆವು. ಬಸ್ಸನ್ನು ನಂಬಿ ಮೊದಲ ಪೀರಿಯಡ್ಡಿಗೆ ತಲುಪುವುದು ಆಗದ ಮಾತು. ಹಾಗಾಗಿ ಸೋಮವಾರದಿಂದ ಶನಿವಾರದವರೆಗೆ ಖಾಲಾ ಅವರ ಮನೆಯ ಹೊರಗಿನ ಕೋಣೆಯಲ್ಲಿ ಬಾಡಿಗೆಗಿದ್ದೆ.

ಎತ್ತರದ, ಒಣಕಲು ಮೈಯ ಹೆಂಗಸು. ಮಕ್ಕಳಿಲ್ಲ, ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಸೊಂಟದ ಚಂಚಿಯಲ್ಲಿ ಎಲೆ, ಅಡಿಕೆ, ಅಡಕೊತ್ತು. ಮಾತಿನ ನಡುವೆ ಅಡಕೊತ್ತಿನ ಕಟಕ್ ಸದ್ದು ಬಂದರೆ ಅದು ಅವರ ಫುಲ್‌ಸ್ಟಾಪ್. ಆಮೇಲೆ ಯಾರೂ ಮುಂದುವರಿಸುವಂತಿಲ್ಲ. ಸೀಮೆಎಣ್ಣೆಯಲ್ಲಿ ಕಡುಜಿಪುಣಿ. ನಾನು ಕಂದೀಲಿನ ಬತ್ತಿ ಏರಿಸಿದರೆ ಹಿಂದಿನಿಂದ ಬಂದು ಇಳಿಸಿ ಹೋಗುವರು. ಚೌಕಾಬಾರದಲ್ಲಿ ರಾಜಾರೋಷವಾಗಿ ಮೋಸ ಮಾಡುವರು. "ಖಾಲಾ, ಇದು ಚೀಟಿಂಗ್" ಎಂದರೆ, "ನಿಮ್ಮ ಸಿಸ್ಟರಮ್ಮಗಳು ಆಟಾ ಕಲಿಸಿಲ್ಲೇನ? ಬರೇ ಸುಳ್ಳ ಹೇಳಬಾರದು ಅಂತ ಕಲಿಸ್ಯಾರ" ಎಂದು ಕವಡೆ ಬಾಚಿಕೊಳ್ಳುವರು.

ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿದ ಮೇಲೆ ಅವರು ಬಿಜ್ಜರಗಿ ದಾರಿಯಲ್ಲಿದ್ದ ಹೊಲಕ್ಕೆ ನಡೆದು ಹೋಗುತ್ತಿದ್ದರು. ನಾನೂ ಸ್ಕೂಲಿನಿಂದ ನೇರವಾಗಿ ಅತ್ತ ಹೊರಟು ಅವರನ್ನು ಸೇರಿಕೊಳ್ಳುತ್ತಿದ್ದೆ. ಬಾವಿಯ ಪಕ್ಕದಲ್ಲಿ ಒಂದು ಆಲದ ಮರ. ಸುತ್ತ ಬೋಳು ಎರೆಭೂಮಿ, ಅಲ್ಲಲ್ಲಿ ಜಾಲಿಯ ಕಂಟಿ, ನಡುವೆ ಇದೊಂದು ಹಸಿರು ಗುಡ್ಡ. ಹತ್ತಿರ ಬರುತ್ತಿದ್ದಂತೆ ಖಾಲಾ ಎರಡು ಬಾರಿ ಮೆಲ್ಲನೆ ಚಪ್ಪಾಳೆ ತಟ್ಟುವರು. "ಬಂದೀವಿ ಅಂತ ತಿಳಿಸಬೇಕಲ್ಲ. ಮಂದಿ ಮನಿಗೆ ಸಪ್ಪಳಿಲ್ಲದ ಹೊಕ್ಕರ ಚಲೋ ಅಲ್ಲ." ಆ ಸದ್ದಿಗೆ ಮೇಲಿನ ಎಲೆಗಳಲ್ಲಿ ಕೆಲವು ಹಾರಿದಂತೆ ಆಗುತ್ತಿತ್ತು. ಎಲೆಗಳಲ್ಲ, ಹಸಿರು ಪಾರಿವಾಳಗಳು. ಕೂತಾಗ ಕಾಣವು, ಹಾರಿದಾಗಲೇ ಗೊತ್ತಾಗುವುದು. ಗಿಳಿ, ಗೊರವಂಕ, ಕುಟ್ರು ಹಕ್ಕಿ, ಅಳಿಲು ಇದ್ದವು. ಪೊಟರೆಯಲ್ಲಿ ಒಂದು ಗೂಗಿ, ಅಂದರೆ ಗೂಬೆ. ಗೂಗಿಯನ್ನು ಊರವರು ಅಪಶಕುನ ಎನ್ನುತ್ತಿದ್ದರು. ಖಾಲಾ ಮಾತ್ರ, "ಜೋಳದ ಹಗೇವಿನ ಇಲಿ ಹಿಡಿಯೂ ಪೊಲೀಸ್ ಅದು, ಪಗಾರ ಇಲ್ಲದ ಪೊಲೀಸ್" ಎನ್ನುವರು.

ಮರದ ಬುಡದಲ್ಲಿ ಒಂದು ಕಲ್ಲಿನ ದೋಣಿ ಇತ್ತು, ಹಿಂದೆ ಎತ್ತುಗಳು ನೀರು ಕುಡಿಯುತ್ತಿದ್ದುದು. ಖಾಲಾ ಅಲ್ಲಿ ಒಂದು ಕಾನೂನು ಮಾಡಿದ್ದರು. ನೆರಳಿನಲ್ಲಿ ಕೂತವರು ಏಳುವಾಗ ಬಾವಿಯಿಂದ ಒಂದು ಕೊಡ ನೀರು ಸೇದಿ ಆ ದೋಣಿಗೆ ಸುರಿಯಬೇಕು. ಅದು ನೆರಳಿನ ಬಾಡಿಗೆ. ಕುರಿ ಹೊಡೆದುಕೊಂಡು ಬಂದವನಿರಲಿ, ಸೈಕಲ್ ತುಳಿದು ಬೆವೆತು ಬಂದ ಪೋಸ್ಟ್‌ಮನ್ ಇರಲಿ, ಬಾಡಿಗೆ ತಪ್ಪುವಂತಿಲ್ಲ. ಒಮ್ಮೆ ಜೀಪಿನಲ್ಲಿ ಬಂದ ಸಾಹೇಬರೊಬ್ಬರು ಊಟ ಮುಗಿಸಿ ಹೊರಟಾಗ ಖಾಲಾ ಕೊಡ ತಂದು ಅವರ ಕಾಲ ಬಳಿ ಇಟ್ಟರು.

"ಏನಮ್ಮಾ ಇದು?"

"ಬಾಡಿಗಿ ಸಾಹೇಬ್ರ."

ಸಾಹೇಬರು ಡ್ರೈವರನ ಮುಖ ನೋಡಿದರು. "ಅಂವಂದು ಅಂವಾ ಕೊಡ್ತಾನ. ನೀವು ನಿಮ್ಮದು ಕೊಡ್ರಿ" ಎಂದರು ಖಾಲಾ. ಕಟಕ್. ಸಾಹೇಬರು ಬುಶ್‌ಶರ್ಟಿನ ತೋಳು ಮಡಚಿ ನೀರು ಸೇದಿದರು. ಅವರು ಹೋದ ಮೇಲೆ ಗೊರವಂಕಗಳು ಬಂದು ದೋಣಿಯಲ್ಲಿ ಮಿಂದವು, ತುಳುಕಿದ ನೀರು ಬೇರಿಗೆ ಹೋಯಿತು.

ಮಳೆ ಕೈಕೊಟ್ಟ ವರ್ಷಗಳಲ್ಲಿ ಆ ಮರದ ಸೊಪ್ಪು ತಿಂದೇ ಬಿಜ್ಜರಗಿಯ ಆಡುಗಳು ಬದುಕಿದವಂತೆ. ಆಗಲೂ ಖಾಲಾ ಒಂದು ವಾರ ಪಡುವಣ ಕಡೆಯ ಟೊಂಗೆ, ಇನ್ನೊಂದು ವಾರ ಮೂಡಣದ್ದು ಎಂದು ಸರದಿ ಹಚ್ಚಿದ್ದರಂತೆ. ಇಳಿಬಿದ್ದ ಎಳೆಯ ಬಿಳಲುಗಳಿಗೆ ಅವರು ಮಣ್ಣು ತುಂಬಿದ ಬಿದಿರಿನ ಕೊಳವೆ ಕಟ್ಟಿ ನೆಲಕ್ಕೆ ಇಳಿಸುತ್ತಿದ್ದುದನ್ನು ನಾನೇ ನೋಡಿದ್ದೇನೆ. "ವಯಸ್ಸಾದಮ್ಯಾಲೆ ಎಲ್ಲಾರಿಗೂ ಒಂದ ಬಡಿಗಿ ಬೇಕು" ಎನ್ನುವರು. ಎಲ್ಲವನ್ನೂ ಸರಿಯಾಗಿ ತಿಳಿದಿದ್ದರು ಎಂದಲ್ಲ. ಮರವು ಹಗಲಿಗಿಂತ ರಾತ್ರಿ ಹೆಚ್ಚು ಬೆಳೆಯುತ್ತದೆ, ನೋಡುವವರಿಲ್ಲವೆಂದು, ಎಂಬುದು ಅವರ ದೃಢ ನಂಬಿಕೆ. ನಾನು ಫೋಟೋಸಿಂಥೆಸಿಸ್ ಬಗ್ಗೆ ಅರ್ಧ ಗಂಟೆ ಲೆಕ್ಚರ್ ಕೊಟ್ಟೆ. "ಇರಬಹುದು. ನಿಮ್ಮ ಬೆಳಗಾಂವದಾಗ ಹಂಗ ಬೆಳೀತಿರಬೇಕು" ಎಂದರು.

ಆ ಮರ ಅವರದು. ಆದರೆ ಅದು ನಿಂತ ನೆಲ ಅವರದಲ್ಲ. ಇದನ್ನು ಅರಿತರೆ ಖಾಲಾ ಅರ್ಥವಾಗುತ್ತಾರೆ.

ನಿಕಾಹದ ಹೊತ್ತಿಗೆ ಗಂಡು ಹೆಣ್ಣಿಗೆ ಕೊಡಲೇಬೇಕಾದ ಕೊಡುಗೆಗೆ ಮೆಹರ್ ಎನ್ನುತ್ತಾರೆ. ಅದು ಹೆಣ್ಣಿನ ಸ್ವಂತದ್ದು, ಯಾರೂ ಕಸಿಯುವಂತಿಲ್ಲ. ಖಾಲಾ ಅವರ ಅಪ್ಪ ಹಟಮಾರಿ. ಬಂಗಾರ ಬೇಡ, ರೊಕ್ಕ ಬೇಡ, ಬಾವಿ ಬಳಿಯ ಆಲದ ಮರವನ್ನು ಮಗಳ ಮೆಹರಾಗಿ ಕೊಡಿ ಎಂದರಂತೆ. "ಮಂದಿ ನಕ್ಕರು ಯವ್ವಾ" ಎಂದು ಮರದ ಕೆಳಗೆ ಕೂತೇ ನನಗೆ ಹೇಳಿದರು. "ಅಪ್ಪನ ಲೆಕ್ಕ ಬ್ಯಾರೆ ಇತ್ತು. ಬಂಗಾರಾದ್ರ ಗಂಡನ ಮನಿಯವರು ಹೊತ್ತ ಬಂದಾಗ ಇಸ್ಕೋತಾರ. ಗಿಡಾ ಯಾರ ಕೇಳ್ತಾರ? ಮದವಿ ಮರುದಿನ ನಮ್ಮವರು ಇಲ್ಲಿಗೆ ಕರ್ಕೊಂಡು ಬಂದು, ನನ್ನ ಕೈ ಇದಕ್ಕ ಹಚ್ಚಿ, 'ತಗೋ, ಇನ್ ಇದು ನಿಂದು' ಅಂದ್ರು."

ಗಂಡ ತೀರಿಕೊಂಡ ದಿನ ಹೆಂಗಸರೆಲ್ಲ ಅವರನ್ನು ಶವದ ಬಳಿ ಕೂರಿಸಿ, "ಮೆಹರ್ ಮಾಫ್ ಮಾಡೀನಿ ಅನ್ನು" ಎಂದು ಒತ್ತಾಯಿಸಿದರು. ಅದೊಂದು ರೂಢಿ. ಮೆಹರ್ ಸಲ್ಲದೆ ಉಳಿದಿದ್ದರೆ ಸತ್ತವನ ಮೇಲೆ ಆ ಭಾರ ಇರಬಾರದೆಂದು ಹೆಂಡತಿ ಕ್ಷಮಿಸಿಬಿಡುವುದು. ಖಾಲಾ ಬಾಯಿ ಬಿಡಲಿಲ್ಲ. ಮತ್ತೆ ಮತ್ತೆ ಕೇಳಿದಾಗ, "ಅವರು ಕೊಟ್ಟಾರ. ಕೊಟ್ಟದ್ದನ್ನ ಮಾಫ್ ಮಾಡೂದು ಹ್ಯಾಂಗ?" ಎಂದರು. ಸೇರಿದವರಿಗೆ ಅದು ಕಲ್ಲೆದೆಯ ಮಾತಾಗಿ ಕೇಳಿಸಿತು. ಗಂಡನಿಗೆ ಮಾಫಿ ಕೊಡದ ಹೆಂಗಸು ಎಂಬ ಮಾತು ಓಣಿಯಲ್ಲಿ ವರ್ಷಗಟ್ಟಲೆ ಓಡಾಡಿತು. ಮುಂದೆ ಊರೊಳಗಿನ ಮನೆ ಇವರ ಪಾಲಿಗೂ ಹೊಲ ಮೈದುನನ ಪಾಲಿಗೂ ಬಂದವು. ಮರ ಮಾತ್ರ ಮೈದುನನ ಹೊಲದ ನಡುವೆ ಅತ್ತಿಗೆಯದಾಗಿ ನಿಂತಿತು.

ಮೈದುನ ಕೆಟ್ಟವರಲ್ಲ. ಗಟ್ಟಿ ದುಡಿಯುವ ಮನುಷ್ಯ, ಕಡಿಮೆ ಮಾತು. ಸುತ್ತಲಿನವರಂತೆ ಅವರೂ ಬಾವಿಯ ಕೆಳಗೆ ದ್ರಾಕ್ಷಿ ಹಂದರ ಹಾಕಿದರು. ಆಗ ತಿಕೋಟಾಕ್ಕೆ ದ್ರಾಕ್ಷಿ ಹೊಸತು. ಮೊದಲ ಗೊಂಚಲು ಕಂಡಾಗ ಊರಿಗೆ ಊರೇ ಹೋಗಿ ನೋಡಿ ಬಂದಿತ್ತು. ಗೊಂಚಲಿನ ಹಿಂದೆಯೇ ಹಕ್ಕಿಗಳೂ ಬಂದವು.

ಒಂದು ಸಂಜೆ ಮೈದುನ ಮನೆಗೆ ಬಂದರು. ನಾನು ಕಟ್ಟೆಯ ಮೇಲೆ ಕಾಂಪೋಸಿಶನ್ ತಿದ್ದುತ್ತಿದ್ದೆ. ವಿಷಯ, ನಗಬೇಡಿ, 'ದಿ ಯೂಸಸ್ ಆಫ್ ಟ್ರೀಸ್'.

"ಭಾಬಿ, ಒಂದ ಮಾತು."

"ಚಾ ಕುಡದು ಹೇಳು ತಮ್ಮಾ."

ಚಹಾ ಮುಗಿಯಿತು. "ಆ ಗಿಡದಾಗಿನ ಹಕ್ಕಿ ಹಣ್ಣ ಉಳಿಸಾಂಗಿಲ್ಲ. ಕಡೀಬೇಕಂತೀನಿ. ಕಟ್ಟಿಗಿ ಎಲ್ಲಾ ನಿಮಗ. ಹೊಲಾ ಅಂತೂ ನಂದ ಐತಲ್ಲ."

"ಹೌದಪಾ, ಹೊಲಾ ನಿಂದು. ಗಿಡಾ ನಂದು. ನಿನ್ನ ಹೊಲಾ ಅದರ ಬುಡಕಿಂದ ಎತ್ಕೊಂಡ ಹೋಗು. ನಾ ಬ್ಯಾಡ ಅನ್ನಾಂಗಿಲ್ಲ."

ನಾನು ಪುಸ್ತಕದಲ್ಲಿ ಮುಖ ಮುಚ್ಚಿಕೊಂಡೆ. ಮೈದುನರಿಗೂ ನಗು ಬಂದಿರಬೇಕು, ಮೀಸೆ ಅಲುಗಿತು. ಆದರೆ ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು ಮೆಲ್ಲಗೆ ಹೇಳಿದರು: "ಎಷ್ಟ ದಿನಾ ಭಾಬಿ?"

ಅದು ಬೆದರಿಕೆಯಲ್ಲ, ಬರೀ ಸತ್ಯ. ಮಕ್ಕಳಿಲ್ಲದ ವಿಧವೆ. ಆಕೆ ಹೋದ ಮೇಲೆ ಮರವೂ ಹೊಲದ ಜೊತೆಗೇ ಸೇರಿಬಿಡುವುದು. ಆಗ ಕೊಡಲಿಗೆ ಯಾರ ಅಪ್ಪಣೆ ಬೇಕು? ಖಾಲಾ ಅಡಕೊತ್ತು ಹಿಡಿದು ಕೂತರು, ಅಡಿಕೆ ಕತ್ತರಿಸಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮ ಹುಡುಗ್ಯಾರು ಏನ ಬರದಾರ, ಓದ್ರಿ" ಎಂದರು. ನಾನು ಕನ್ನಡದಲ್ಲಿ ಹೇಳಿದೆ. ಮರ ನೆರಳು ಕೊಡುತ್ತದೆ, ಹಣ್ಣು ಕೊಡುತ್ತದೆ, ಕಟ್ಟಿಗೆ ಕೊಡುತ್ತದೆ, ಮಳೆ ತರುತ್ತದೆ. "ಎಲ್ಲಾ ಕೊಡ್ತೈತಿ ಅಂತ ಬರದಾರ. ಅದಕ್ಕ ಏನ ಬೇಕು ಅಂತ ಯಾರೂ ಬರದಿಲ್ಲೇನು?" ಎಂದರು. ಯಾರೂ ಬರೆದಿರಲಿಲ್ಲ. ಸಿಲೆಬಸ್ಸಿನಲ್ಲಿ ಅದು ಇರಲಿಲ್ಲ.

ಆ ಚಳಿಗಾಲದಲ್ಲಿ ದ್ರಾಕ್ಷಿ ಬೆಳೆಗಾರರೆಲ್ಲ ಒಂದೇ ಲೆಕ್ಕ ಹಾಕಿದರು. ಹಕ್ಕಿಗೆ ಮನೆ ಇಲ್ಲದಂತೆ ಮಾಡಿದರೆ ಹಕ್ಕಿ ಊರು ಬಿಡುತ್ತದೆ. ಬದುಗಳ ಮೇಲಿದ್ದ ಅತ್ತಿ, ಬಸರಿ, ಆಲ ಎಲ್ಲ ಉರುಳಿದವು. ಪಕ್ಕದ ತೋಟದ ಗೌಡರು ಅವರಜ್ಜ ನೆಟ್ಟ ಬಸರಿಯನ್ನೂ ಕಡಿಸಿದರು. ಚಕ್ಕಡಿಗಟ್ಟಲೆ ಕಟ್ಟಿಗೆ ವಿಜಾಪುರದ ಸೌದೆ ಅಡ್ಡೆಗಳಿಗೆ ಹೋಯಿತು. ಅದೇ ಕೊಡಲಿಯವರನ್ನು ಮೈದುನ ಒಂದು ಶುಕ್ರವಾರ ಬಾವಿಯ ಕಡೆಗೂ ಕಳಿಸಿದರು. ಖಾಲಾ ಬುಡದಲ್ಲಿ ಕೂತಿದ್ದರು.

"ಬರ್ರೆಪಾ, ಕುಂದರ್ರಿ. ಎಲಿ ಹಾಕ್ಕೋರಿ. ಇವತ್ತ ಶುಕ್ರವಾರ, ಹಸಿ ಗಿಡಕ್ಕ ಕೊಡಲಿ ಹಾಕಬಾರದು. ನಾಳೆ ಬರ್ರಿ."

ಶನಿವಾರವೂ ಅಲ್ಲಿಯೇ ಕೂತಿದ್ದರು. "ಇವತ್ತ ಮಾರುತಿ ವಾರ. ನೀವ ಹೇಳ್ರಿ, ಮಾರುತಿ ಗಿಡದಾಗ ಇರಾಂವ ಹೌದಿಲ್ಲೋ? ನಾಳೆ ಬರ್ರಿ." ಆಮೇಲೆ ಅಮಾವಾಸ್ಯೆ ಬಂತು, ಆಮೇಲೆ ಒಂದು ಉರುಸು. ಕೊನೆಗೆ ಆ ಗುಂಪಿನ ಹಿರಿಯ ನಕ್ಕು, "ಖಾಲಾ, ನಿಮ್ಮ ಪಂಚಾಂಗ ಭಾಳ ದೊಡ್ಡದೈತಿ" ಎಂದು ಒಂದು ಕೊಡ ನೀರು ಸುರಿದು ಹೋದ. ಮತ್ತೆ ಬರಲಿಲ್ಲ.

ಚಳಿ ಹೋಗಿ ಬಿಸಿಲು ಏರತೊಡಗಿತು, ದ್ರಾಕ್ಷಿಯಲ್ಲಿ ಸಕ್ಕರೆ ತುಂಬಿತು. ಹಕ್ಕಿಗಳು ಊರು ಬಿಡಲಿಲ್ಲ. ಎಲ್ಲಿಗೆ ಹೋಗಬೇಕು? ಬೇಸಿಗೆಯ ಬಾಯಿಗೆ ಹಣ್ಣು ಬಿಡುತ್ತಿದ್ದ ಅತ್ತಿ, ಬಸರಿ ಒಂದೂ ಇಲ್ಲ. ಬೆಳಗಾದರೆ ಗಿಳಿಗಳು, ಗೊರವಂಕಗಳು ನೇರವಾಗಿ ಹಂದರಕ್ಕೇ ಇಳಿದವು. ಡಬ್ಬಿ ಬಾರಿಸಿದರು, ಕವಣೆ ಬೀಸಿದರು, ಪಟಾಕಿ ಹೊಡೆದರು. ನನ್ನ ಕ್ಲಾಸಿನ ಅರ್ಧ ಹುಡುಗಿಯರು ಹಕ್ಕಿ ಕಾಯಲು ಹೋಗಿ ಗೈರುಹಾಜರು. ಆ ಊರಿಗೆ ಊರೇ ಡಬ್ಬಿಯ ಸದ್ದಿನಲ್ಲಿ ಮುಳುಗಿದ್ದಾಗ ಗದ್ದಲವಿಲ್ಲದ ಜಾಗ ಒಂದೇ, ಖಾಲಾ ಅವರ ಮರ. ಅಲ್ಲಿ ಟೊಂಗೆ ಟೊಂಗೆಗೆ ಕೆಂಪು ಹಣ್ಣು. ಹಕ್ಕಿಗಳು ತಿಂದು, ಕಚ್ಚಾಡಿ, ಉದುರಿಸಿ, ಉದುರಿದ್ದನ್ನು ಅಳಿಲು ಹೆಕ್ಕಿ, ಉಳಿದದ್ದನ್ನು ಇರುವೆ ಹೊತ್ತು, ಒಂದು ಮದುವೆ ಮನೆಯಂತಿತ್ತು.

ಗೌಡರು ಒಂದು ಶುಕ್ರವಾರ ಬಂದು ಕೂತರು. ಎಷ್ಟೋ ಹೊತ್ತು ಮೇಲೆ ನೋಡಿದರು. "ಖಾಲಾ, ನಾವು ಹಕ್ಕಿ ಮನಿ ಕೆಡವಿದ್ವಿ ಅಂತ ತಿಳಿದಿದ್ವಿ. ಅವುಗಳ ಅನ್ನದ ಗಡಿಗಿ ಒಡದ್ವಿ."

ನಾನು ಖಾಲಾ ಅವರ ಮುಖ ನೋಡಿದೆ, ಒಂದು ಚುಚ್ಚುಮಾತು ಬರುತ್ತದೆಂದು. ಬರಲಿಲ್ಲ. "ಹಸದಾವ ಗೌಡ್ರ. ಹಸದವರು ಯಾರ ಮನಿ ಅಂತ ನೋಡ್ತಾರೇನು?" ಎಂದರು ಅಷ್ಟೆ. ಗೌಡರು ನೀರು ಸೇದಿ ಸುರಿದು ಹೋದರು, ಒಂದಲ್ಲ, ಎರಡು ಕೊಡ.

ಮೈದುನರ ಹಂದರಕ್ಕೂ ಹಕ್ಕಿ ಬಿದ್ದಿತ್ತು. ಆದರೆ ಗೌಡರಷ್ಟು ಹಾಳಾಗಲಿಲ್ಲ. ಮರದಿಂದಲೇ ಉಳಿಯಿತೋ, ಅವರ ಹಣ್ಣು ತುಸು ತಡವಾಗಿ ಮಾಗಿತೋ, ನಾನು ಹೇಳಲಾರೆ.

ಅದೇ ಹೊತ್ತಿಗೆ ಮೈದುನರ ಮಗನಿಗೆ ಬಬಲೇಶ್ವರದ ಒಂದು ಹೆಣ್ಣು ಗೊತ್ತಾಗುವುದರಲ್ಲಿತ್ತು. ಹುಡುಗಿ ನೋಡಲು ಖಾಲಾ ನನ್ನನ್ನೂ ಬಸ್ಸಿನಲ್ಲಿ ಕರೆದೊಯ್ದರು. ಅಡುಗೆ ಬರುತ್ತದೆಯೇ, ಹೊಲಿಗೆ ಬರುತ್ತದೆಯೇ ಎಂದೆಲ್ಲ ಬೇರೆಯವರು ಕೇಳಿ ಮುಗಿಸಿದ ಮೇಲೆ ಖಾಲಾ ಕೇಳಿದರು:

"ಬೇಟಿ, ನಿನ್ನ ಬಾಗಿಲ ಮುಂದ ಗುರ್ತಿಲ್ಲದ ಮಂದಿ ನೆರಳಿಗೆ ಬಂದು ಕುಂತರ ಏನ ಮಾಡ್ತಿ?"

ಹುಡುಗಿ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಯೋಚಿಸಿದಳು. "ಕುಂದ್ರಲಿ ಬಿಡ್ರಿ. ನೀರ ಬೇಕೇನಂತ ಕೇಳ್ತೀನಿ."

ಖಾಲಾ ಎಲೆ ಮಡಚಿ ಬಾಯಿಗಿಟ್ಟರು. ವಾಪಸ್ ಬರುವಾಗ ಬಸ್ಸಿನ ಕಿಟಕಿಯಿಂದ ಹೊರಗೆ ನೋಡುತ್ತ ನನಗೆ ಹೇಳಿದರು: "ನನ್ನ ಗಿಡಾ ಹುಡುಗನಿಗಿ ಕೊಡ್ತೀನಿ. ಅಂವಾ ಅದನ್ನ ಈಕಿಗಿ ಮೆಹರ್ ಕೊಡ್ಲಿ. ಆಮ್ಯಾಲೆ ಯಾರ ಕಡೀತಾರ ನೋಡೂನು. ಮನಿ ಸೊಸಿ ಮೆಹರಿಗೆ ಕೊಡಲಿ ಹಾಕೂ ಮಾವ ಈ ಸೀಮಿಯಾಗ ಹುಟ್ಟಿಲ್ಲ." ಬಸ್ಸು ಇಳಿಯುವಾಗ, "ಆದರ ನಿಕಾಹದಾಗ ಹೇಳಾಂವ ಹುಡುಗನ ಅಪ್ಪ, ನಮ್ಮ ತಮ್ಮ. ಅಂವಾ ರೊಕ್ಕ ಅಂತ ಹೇಳಿಬಿಟ್ಟ ಅಂದ್ರ ಮುಗೀತು" ಎಂದರು.

ಮೈದುನರಿಗೆ ಈ ಮಾತು ಮುಟ್ಟಿಸಲಾಯಿತು. ಅವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಖಾಲಾ ಮತ್ತೆ ಕೇಳಲಿಲ್ಲ. ಅದೇ ಅವರ ಡಿಗ್ನಿಟಿ. ಮದುವೆಯ ದಿನದವರೆಗೆ ಅವರು ಚೌಕಾಬಾರದಲ್ಲಿ ಒಮ್ಮೆಯೂ ಮೋಸ ಮಾಡಲಿಲ್ಲ, ಅದರಿಂದಲೇ ನನಗೆ ತಿಳಿಯಿತು, ಒಳಗೆ ಏನು ನಡೆದಿದೆ ಎಂದು.

ನಿಕಾಹ ಬಬಲೇಶ್ವರದಲ್ಲಿ, ಹೆಣ್ಣಿನ ಮನೆಯ ಅಂಗಳದಲ್ಲಿ. ಹೆಂಗಸರು ನಾವೆಲ್ಲ ಪರದೆಯ ಹಿಂದೆ. ಆಚೆ ಖಾಜಿಯವರು ಮೆಹರ್ ಏನೆಂದು ಕೇಳಿದ್ದು ಕೇಳಿಸಿತು. ಖಾಲಾ ನನ್ನ ಕೈ ಹಿಡಿದರು. ಯಾರೋ ಕೆಮ್ಮಿದರು. ಮತ್ತೆ ಖಾಜಿಯವರೇ ಕೇಳಿದರು.

"ತಿಕೋಟಾದಾಗ ನಮ್ಮ ಬಾವಿ ಕಡೆ ಒಂದ ಆಲದ ಗಿಡಾ ಐತ್ರಿ" ಎಂದರು ಮೈದುನ. ನಿಧಾನವಾಗಿ, ಒಂದೊಂದೇ ಶಬ್ದ ಎತ್ತಿ ಇಟ್ಟಂತೆ. "ಭಾಬಿದು. ಅವರು ಹುಡುಗನಿಗಿ ಕೊಟ್ಟಾರ. ಅದ ಮೆಹರ್."

ಗಂಡಸರ ಕಡೆ ಗುಜುಗುಜು ಎದ್ದಿತು, ಯಾರೋ ನಕ್ಕರು. ಖಾಲಾ ನಗಲಿಲ್ಲ, ಅಳಲಿಲ್ಲ. ನನ್ನ ಕೈ ಬಿಟ್ಟು ಗೋಡೆಗೆ ಒರಗಿದರು. "ಇವತ್ತ ನಾ ಖಾಲಿ ಕೈ ಆದೆ ಯವ್ವಾ. ಇನ್ನ ನಿದ್ದಿ ಬರ್ತೈತಿ" ಎಂದರು.

ಮರುದಿನ ಅವರೇ ಆ ಹುಡುಗಿಯನ್ನು ಬಾವಿಯ ಹತ್ತಿರ ಕರೆದೊಯ್ದು ಅವಳ ಮೆಹಂದಿ ಕೈಯನ್ನು ಮರಕ್ಕೆ ಹಚ್ಚಿದರು. ಅಂದಿನಿಂದ ಅವರದೊಂದು ಹೊಸ ರೂಢಿ. ಶುಕ್ರವಾರ ಹೋಗುವ ಮುಂಚೆ ಮೈದುನರ ಮನೆಯ ಬಾಗಿಲಲ್ಲಿ ನಿಂತು, "ಸೊಸಿ, ನಿನ್ನ ಗಿಡದ ನೆರಳಾಗ ಒಂದ ಗಳಿಗಿ ಕೂಡ್ಲೇನು?" ಎಂದು ಕೇಳುವರು. ಹುಡುಗಿ ನಾಚಿ ನೀರಾಗುವಳು. "ಏನ್ರಿ ಇದು, ಕೇಳಬ್ಯಾಡ್ರಿ. ಅದು ನಿಮ್ಮದ ಅಲ್ರೀ?"

"ನಂದಿತ್ತು. ಈಗ ನಿಂದು. ಕೇಳದ ಕುಂತರ ಕಳವು ಆಗ್ತೈತಿ."

ಏಳುವಾಗ ತಾವೂ ಒಂದು ಕೊಡ ಬಾಡಿಗೆ ಸುರಿಯುವರು. ಆಗಲೇ ಅವರಿಗೆ ಕೊಡ ಎತ್ತುವುದು ಕಷ್ಟವಾಗಿತ್ತು. ನಾನು ಕೈ ಚಾಚಿದರೆ ಅಡಕೊತ್ತು ಇಲ್ಲದೆಯೂ ಒಂದು ಕಟಕ್ ನೋಟ.

ಆ ದಶಕ ಮುಗಿಯುವ ಮೊದಲೇ ನನಗೆ ವಿಜಾಪುರಕ್ಕೆ ಟ್ರಾನ್ಸ್‌ಫರ್ ಆಯಿತು. ಖಾಲಾ ಹೋದ ಸುದ್ದಿ ತಂದವನು ತಿಕೋಟಾ ಬಸ್ಸಿನ ಕಂಡಕ್ಟರ್. ನಾನು ತಲುಪುವ ಹೊತ್ತಿಗೆ ಸ್ನಾನ, ಕಫನ್ ಬಟ್ಟೆ ಸುತ್ತುವುದು ಎಲ್ಲ ಆಗಿತ್ತು. ಮಳೆ ಇನ್ನೂ ಬಾರದ ದಿನಗಳು, ಅಂಗಳದ ಕಲ್ಲು ಕಾಲು ಸುಡುತ್ತಿತ್ತು. ಮುಖ ನೋಡಿದೆ. ಬಾಯಿ ಬಿಗಿಯಾಗಿ ಮುಚ್ಚಿತ್ತು, ಮಾತು ಮುಗಿಸಿದವರಂತೆ. ಈ ಸಲ ಮಾಫ್ ಮಾಡೆಂದು ಕೇಳುವವರು ಯಾರೂ ಇರಲಿಲ್ಲ.

ಗಂಡಸರು ಎತ್ತಲು ಸಿದ್ಧರಾದಾಗ ಮೈದುನ ಹೆಂಗಸರ ಕೋಣೆಯ ಬಾಗಿಲಿಗೆ ಬಂದರು. ಮುಖ ತಗ್ಗಿಸಿ, ಹೊಸ್ತಿಲಾಚೆಯೇ ನಿಂತು ಸೊಸೆಯನ್ನು ಕರೆದರು. ಅವಳ ಕಂಕುಳಲ್ಲಿ ಎಳೆಗೂಸು.

"ಮಗಳ, ಖಬರಸ್ತಾನಕ್ಕ ಬಾವಿ ಹಾದೀಲೆ ಹೋಗ್ತೀವಿ. ಬಿಸಲ ಭಾಳ ಐತಿ. ಭಾಬಿನ್ನ ನಿನ್ನ ಗಿಡದ ಬುಡಕ ಎರಡ ಗಳಿಗಿ ಇಳಸಬೇಕಂತೀನಿ. ಇಳಸ್ಲ್ಯಾ?"

ಅವಳು ಸೆರಗಿನಿಂದ ಕಣ್ಣು ಒತ್ತಿಕೊಂಡಳು.

"ಇಳಸ್ರಿ. ಏಳೂಮುಂದ ದೋಣಿ ತುಂಬಿಸಿ ಬರ್ರಿ."

ಸಂಜೆ ಮೈದುನ ಮರಳಿ ಬಂದಾಗ ಅವರ ಅಂಗಿಯ ಎರಡೂ ತೋಳು ಮೊಣಕೈಯವರೆಗೆ ಒದ್ದೆಯಾಗಿದ್ದವು.